ಬೆಣಚಿಹಳ್ಳದ ಸೇತುವೆಯ ಸಡಿಲು ರಿವೆಟ್ಟು

ನಾನು ಬೆಣಚಿಹಳ್ಳದ ರೈಲು ಸೇತುವೆ. ಹಡಗಿನಲ್ಲಿ ಬಂದ ಕಬ್ಬಿಣ, ಇಲ್ಲಿಯದೇ ಕಲ್ಲಿನ ಕಂಬ. ಕೆಂಪಗೆ ಕಾಯಿಸಿದ ಸಾವಿರಾರು ರಿವೆಟ್ಟುಗಳನ್ನು, ಆ ಎರಡು ತಲೆಯ ಮೊಳೆಗಳನ್ನು, ಬಡಿದು ಬಡಿದು ನನ್ನನ್ನು ಜೋಡಿಸಿದರು. ಅಷ್ಟೆಲ್ಲ ಮಾಡಿ ನಿಲ್ಲಿಸಿದ್ದಾದರೂ ಎಲ್ಲಿ? ವರ್ಷಕ್ಕೆ ಮೂರು ತಿಂಗಳು ನೀರು ಕಾಣುವ ಹಳ್ಳದ ಮೇಲೆ, ದಿನಕ್ಕೆ ನಾಲ್ಕು ಗಾಡಿ ಓಡುವ ಒಂಟಿ ಹಳಿಗೆ. ನನ್ನ ಯೋಗ್ಯತೆಗೆ ಇದು ಸಾಲದೆಂದು ಮೊದಲ ದಿನವೇ ಅನ್ನಿಸಿತ್ತು.

ಜನರ ಸುದ್ದಿಯಂತೂ ಬೇಡ. ಗಾಡಿ ನನ್ನ ಮೇಲೆ ಬಂದೊಡನೆ ಕಿಟಕಿಯಿಂದ ಕಾಸು ಎಸೆದು ಹಳ್ಳಕ್ಕೆ ಕೈ ಮುಗಿಯುತ್ತಿದ್ದರು. ಹೊತ್ತವನು ನಾನು, ನಮಸ್ಕಾರ ಕೆಸರಿಗೆ! ಇನ್‌ಸ್ಪೆಕ್ಟರುಗಳು ವರ್ಷಕ್ಕೊಮ್ಮೆ ಹಳಿಯ ಮೇಲಿನ ತಳ್ಳುಗಾಡಿಯಲ್ಲಿ ಛತ್ರಿ ಹಿಡಿದು ಕೂತೇ ನನ್ನನ್ನು ದಾಟಿ, ನನ್ನ ಮೈಮೇಲೆ ತಾರೀಖು ಬರೆಸಿ ಹೋಗುತ್ತಿದ್ದರು. ಅದಕ್ಕೆ ಪರೀಕ್ಷೆ ಎಂದು ಹೆಸರು.

ದಿನವೂ ಮುಟ್ಟಿ ನೋಡುತ್ತಿದ್ದವನು ಹಳಿ ಕಾಯುವ ಕೀಮ್ಯಾನ್ ಯಮನೂರಪ್ಪ ಒಬ್ಬನೇ. ರಿವೆಟ್ಟಿನ ಒಂದು ತಲೆಗೆ ಸುತ್ತಿಗೆಯಿಂದ ಬಡಿದು, ಇನ್ನೊಂದು ತಲೆಗೆ ಬೆರಳು ಒತ್ತಿ ಹಿಡಿಯುತ್ತಿದ್ದ. ಸಡಿಲಾಗಿದ್ದರೆ ಬೆರಳಿಗೆ ತಿಳಿಯುತ್ತದೆ. ನನಗೋ ಮೈ ಉರಿಯುತ್ತಿತ್ತು. ನನ್ನಲ್ಲಿ ಕೊರತೆ ಹುಡುಕಲು ಇವನ್ಯಾರು?

ಒಂದು ಬೆಳಿಗ್ಗೆ ಮೂರನೇ ಗರ್ಡರಿನ ಕಬ್ಬಿಣದ ತೊಲೆಯಲ್ಲಿ ಅವನ ಬೆರಳು ನಿಂತಿತು. ಸಾಲಾಗಿ ಐದು ರಿವೆಟ್ಟು ಸಡಿಲ. ಕೆಂಪು ಬಾವುಟ ನೆಟ್ಟು ಗಾಡಿ ನಿಲ್ಲಿಸಿಯೇಬಿಟ್ಟ. ಆ ಗಾಡಿಯಲ್ಲಿ ಯಾರೋ ದೊಡ್ಡ ಸಾಹೇಬರಿದ್ದರು. ಎರಡು ತಾಸು ಬಿಸಿಲಲ್ಲಿ ಬೆಂದು ಕೆಂಡವಾದರು. ಇನ್‌ಸ್ಪೆಕ್ಟರ್ ಓಡೋಡಿ ಬಂದು, ಎರಡು ಏಟು ಬಡಿದು, ಎಲ್ಲ ಗಟ್ಟಿಯಾಗಿದೆ ಎಂದ.

"ಬರೇ ಬಡದ್ರ ತಿಳಿಯಂಗಿಲ್ರೀ ಸಾಹೇಬ್ರ. ಆ ಕಡೆ ಬಟ್ಟ ಇಟ್ಟು ನೋಡ್ರಿ," ಎಂದ ಯಮನೂರಪ್ಪ, ತನ್ನ ಬೆರಳು ತೋರಿಸಿ.

ಆ ಕಡೆ ಪಾರಿವಾಳದ ಹಿಕ್ಕೆಯಿತ್ತು. ಇನ್‌ಸ್ಪೆಕ್ಟರ್ ಕೈ ಚಾಚಲಿಲ್ಲ. ನಾನಾದರೂ ಸಡಿಲವೆಂದು ಗೊತ್ತಿದ್ದೂ ಉಸಿರು ಬಿಗಿಹಿಡಿದು, ಅಲುಗದೆ ನಿಂತೆ. ಅಷ್ಟು ಜನರೆದುರು ಮುದಿಯೆನಿಸಿಕೊಳ್ಳಲು ಮನಸ್ಸಾಗಲಿಲ್ಲ. ಗಾಡಿ ಮೆಲ್ಲಗೆ ದಾಟಿತು. ಸುಳ್ಳು ಹೇಳಿ ಗಾಡಿ ತಡೆದನೆಂದು ಯಮನೂರಪ್ಪನ ಕೆಲಸ ಹೋಯಿತು. ಕೆಲಸ ಹೋದದ್ದಕ್ಕಿಂತ ಸುಳ್ಳನೆಂಬ ಹೆಸರು ಅವನನ್ನು ತಿಂದಿತು ಎಂದು ಹಳಿ ರಿಪೇರಿಯ ಗ್ಯಾಂಗಿನವರು ಆಡಿಕೊಂಡರು. ನಾನು ಪೀಡೆ ತೊಲಗಿತೆಂದುಕೊಂಡೆ. ಅವನ ಜಾಗಕ್ಕೆ ಬಂದವನು ಜಾಣ, ಆ ಗರ್ಡರಿನ ತಂಟೆಗೇ ಹೋಗಲಿಲ್ಲ.

ಹತ್ತೊಂಬತ್ತು ವರ್ಷಗಳ ಮೇಲೆ ಪಕ್ಕದಲ್ಲಿ ಕಾಂಕ್ರೀಟಿನ ಸೇತುವೆ ಎದ್ದಿತು. ನನ್ನನ್ನು ಕ್ರೇನಿನಿಂದ ಹಳ್ಳಕ್ಕಿಳಿಸಿ ತುಂಡು ಮಾಡತೊಡಗಿದರು. ಸುದ್ದಿ ತಿಳಿದು ಯಮನೂರಪ್ಪ ಕೋಲೂರಿಕೊಂಡು ಬಂದ. ನೇರ ಮೂರನೇ ಗರ್ಡರಿಗೆ ಹೋಗಿ, ಕಲ್ಲಿನಿಂದ ಬಡಿದು, ಆ ಕಡೆ ಬೆರಳಿಟ್ಟ.

"ನೋಡಪಾ, ಅಲಗಾಡ್ತೈತಿ," ಎಂದು ಗ್ಯಾಸ್ ಕಟ್ಟರ್ ಹಿಡಿದವನಿಗೆ ತೋರಿಸಿದ.

"ಇವತ್ತ ಎಲ್ಲಾನೂ ಅಲಗಾಡ್ತಾವಜ್ಜಾ. ಸರೀರಿ, ಕಿಡಿ ಹಾರ್ತಾವ," ಎಂದ ಆತ.

ಯಮನೂರಪ್ಪ ಬೆರಳನ್ನು ಧೋತರಕ್ಕೆ ಒರೆಸಿಕೊಂಡು ಸರಿದು ನಿಂತ. ಇನ್ಯಾರಿಗೆ ತೋರಿಸುವುದು?

ಈಗ ಗುಜರಿಯಲ್ಲಿ ತುಕ್ಕು ಹಿಡಿದು ಬಿದ್ದಿದ್ದೇನೆ. ಕಂಡಕಂಡವರನ್ನೆಲ್ಲ ಕಾಲಕಸ ಮಾಡಿದವನು ನಾನು. ಆ ಇನ್‌ಸ್ಪೆಕ್ಟರನಿಗೆ ರಿವೆಟ್ಟು ಸಡಿಲವೆಂಬುದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಥೂ, ನನ್ನ ಜನ್ಮಕ್ಕೆ.