ಅಪ್ಪನ ಗೊಟ್ಟ

"ಬಾಯಿ ತೆಗಿಸ್ಲಾ!" ಎಂದು ನರಸಯ್ಯ ಗದರಿದ.

ಶಿವಣ್ಣ ಮೂಗುದಾರ ಹಿಡಿದು ಎತ್ತಿನ ಮುಸುಡಿ ಮೇಲೆತ್ತಿದ. ನಾಲಿಗೆಯ ತುಂಬ ಗುಳ್ಳೆ, ಒಂದೇ ಸಮನೆ ಜೊಲ್ಲು. ಪಕ್ಕದ ಎತ್ತಿಗೂ ಅದೇ, ಅದರ ಪಕ್ಕದ್ದಕ್ಕೂ ಅದೇ. ಕಾಲುಬಾಯಿ ಜ್ವರ.

ನರಸಯ್ಯ ಹಿರೋಡೆಯ ಸರ್ಕಾರಿ ದೊಡ್ಡಿಗೆ ಹಿರಿಯ ದನವೈದ್ಯ. ಶ್ರೀರಂಗಪಟ್ಟಣದ ಫಿರಂಗಿ ಎಳೆಯುವ ಎತ್ತುಗಳು ಅವನ ಸುಪರ್ದಿನಲ್ಲಿದ್ದವು. ಕೈಕೆಳಗೆ ಎಂಟು ಜನ. ಅವರು ಮಾಡಿದ್ದಕ್ಕೂ ಮಾಡದೆ ಬಿಟ್ಟದ್ದಕ್ಕೂ ಅವನೇ ಉತ್ತರ ಹೇಳಬೇಕು. ಇಂಥ ಕೆಲಸ ಶತ್ರುವಿಗೂ ಬೇಡ. ಹತ್ತು ದಿನದ ಹಿಂದೆ ನಾಲ್ಕು ಎತ್ತಿಗೆ ಜ್ವರ ಕಂಡಾಗ ಅವನ್ನು ಕೆರೆಯಾಚೆ ಕಟ್ಟಿಸಿದ್ದ. ಹುಲ್ಲು ಬೇರೆ, ನೀರಿನ ಬಾನಿ ಬೇರೆ, ಹಗ್ಗ ಬೇರೆ. ಆಚೆಯ ಒಂದು ಕಡ್ಡಿಯೂ ಈಚೆ ಬರಕೂಡದೆಂದು ಕಟ್ಟಪ್ಪಣೆ ಮಾಡಿದ್ದ. ಈಗ ನೋಡಿದರೆ ಈಚೆ ಮೂವತ್ತು ಎತ್ತು ಬಾಯಿ ಚಪ್ಪರಿಸುತ್ತ ನಿಂತಿವೆ.

"ಯಾವನ್ಲಾ ಅಲ್ಲಿಂದ ಅಗ್ಗ ತಂದೋನು? ನಾ ಬಡ್ಕೊಂಡಿದ್ದೇನು, ನೀವು ಮಾಡಿರಾದೇನು? ನಿಮ್ಮನೆ ಆಳಾಗ!"

"ಯಾರೂ ತಂದಿಲ್ಲ ಕಣಯ್ಯ," ಎಂದು ಶಿವಣ್ಣ ನೆಲ ನೋಡಿದ.

ಸಗಣಿ ಬಾಚುತ್ತಿದ್ದ ಮಂಚಮ್ಮ ಕುಕ್ಕೆ ಕೆಳಗಿಟ್ಟಳು. ದೊಡ್ಡಿಯಲ್ಲಿ ಅವನಿಗೆ ಹೆದರದವಳು ಅವಳೊಬ್ಬಳೇ. "ಅವನ ಮ್ಯಾಲ್ಯಾಕೆ ಆರಾಡ್ತೀಯೆ? ಗೊಟ್ಟ ಯಾರ್ದು ಅಂತ ಕೇಳ್ಕೊ."

ಗೊಟ್ಟವೆಂದರೆ ದನದ ಗಂಟಲಿಗೆ ಔಷಧಿ ಹೊಯ್ಯುವ ಬಿದಿರಿನ ಕೊಳವೆ. ನರಸಯ್ಯನದು ಅವನ ಅಪ್ಪ ಬಳಸಿದ್ದು. ಅದಕ್ಕೆ ಅಪ್ಪನ ಕೈಗುಣ ಹತ್ತಿದೆ, ಅದರಲ್ಲಿ ಹೊಯ್ದರೆ ಎಂಥ ಜಾಡ್ಯವೂ ಇಳಿಯುತ್ತದೆ ಎಂದು ಅವನ ನಂಬಿಕೆ. ಆಚೆಯ ನಾಲ್ಕಕ್ಕೆ ಅದರಲ್ಲೇ ಹೊಯ್ಸಿ, ಮುಂಜಾಗ್ರತೆಗೆಂದು ಈಚಿನವಕ್ಕೂ ಅದರಲ್ಲೇ ಕಷಾಯ ಕುಡಿಸಲು ಹೇಳಿದ್ದ.

"ಶಿವಣ್ಣ ಬ್ಯಾರೆ ಗೊಟ್ಟ ಕಡೀತೀನಿ ಅಂದ. 'ನಮ್ಮಪ್ಪನಿಗಿಂತ ದೊಡ್ಡೋನೇನ್ಲಾ ನೀನು' ಅಂತ ನೀನೇ ಉಗುದ್ಬುಟ್ಟೆ. ನಾ ಇಲ್ಲೇ ಇದ್ದೆ."

ನರಸಯ್ಯ ಗೊಟ್ಟವನ್ನು ಕೈಗೆತ್ತಿಕೊಂಡ. ಥೂ! ಹಗ್ಗ ನೆನಪಾಗಿತ್ತು, ಬಾನಿ ನೆನಪಾಗಿತ್ತು. ಬಾಯಿಂದ ಬಾಯಿಗೆ ಹೋಗುವ ಗೊಟ್ಟವೇ ಹೊಳೆದಿರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಮಧ್ಯಾಹ್ನ ಪಟ್ಟಣದಿಂದ ದೊಡ್ಡಿಯ ಮೇಲಧಿಕಾರಿ ದರೋಗ ಇಬ್ಬರು ಸಿಪಾಯಿಗಳೊಡನೆ ಬಂದ. ಕುದುರೆಯಿಂದ ಇಳಿಯಲೂ ಇಲ್ಲ. "ಎತ್ತೆಲ್ಲ ಮಲಗಿದ್ರೆ ಫಿರಂಗಿ ನಾವು ಎಳೀಬೇಕಾ? ಕಸೂರು ಯಾರದು? ಹೆಸರು ಹೇಳು. ಇಪ್ಪತ್ತು ಚಾಟಿ ಏಟು, ನೌಕರಿಯಿಂದ ಬರ್ತರಫ್."

ಶಿವಣ್ಣ ಎತ್ತಿನ ಜೊಲ್ಲು ಒರೆಸುತ್ತ ನಿಂತ.

"ತಪ್ಪು ನಂದೇ ಸ್ವಾಮಿ," ಎಂದ ನರಸಯ್ಯ. "ಗೊಟ್ಟ ನಂದು, ಅಪ್ಪಣೆ ನಂದು. ನನ್ನ ಯೆಸ್ರೇ ಬರಕೊಳ್ಳಿ."

ದರೋಗ ನಕ್ಕ. "ಹುಚ್ಚಾ ನಿನಗೆ? ನಿನ್ನ ಓಡಿಸಿದ್ರೆ ಇವಕ್ಕೆ ಔಷಧಿ ಹಾಕೋರು ಯಾರು? ನನಗೆ ಬೇಕಾದ್ದು ಕೆಳಗಿನವನ ಹೆಸರು. ಗೊಟ್ಟ ಹಿಡಿದ ಕೈ ಯಾವುದು?"

"ಕೈ ಶಿವಣ್ಣಂದು. ಆದ್ರೆ ಯೇಳಿದ್ದು..."

"ಬಸ್, ಸಾಕು."

ಸಿಪಾಯಿಗಳು ಶಿವಣ್ಣನ ರಟ್ಟೆ ಹಿಡಿದರು. ನರಸಯ್ಯ ಅಡ್ಡ ನಿಂತ, ಕೂಗಾಡಿದ, ಕುದುರೆಯ ಲಗಾಮು ಹಿಡಿದು ಬೇಡಿಕೊಂಡ. ಇಷ್ಟು ವರ್ಷ ಅವನು ಹೇಳಿದ್ದಕ್ಕೆಲ್ಲ ದೊಡ್ಡಿಯೇ ಹೂಂ ಎನ್ನುತ್ತಿತ್ತು. ಈ ಒಂದು ಮಾತನ್ನು ಮಾತ್ರ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ದೊಡ್ಡಿಯ ಬಾಗಿಲಲ್ಲಿ ಶಿವಣ್ಣ ಹಿಂದಿರುಗಿ ನೋಡಿದ. ಬೈಯುತ್ತಾನೆ ಎಂದುಕೊಂಡ ನರಸಯ್ಯ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಆ ಮುರುಕೊಂಬಿನ ಎತ್ತು ಬಾನೀಲಿ ಗಂಜಿ ಕುಡಿಯಾಕಿಲ್ಲ ಕಣಯ್ಯ. ಬೊಗಸೇಲೇ ಕುಡುಸ್ಬೇಕು. ಮರ್ತುಬುಟ್ಟೀಯೆ."

ಸಂಜೆ ನರಸಯ್ಯ ಬೊಗಸೆಯಲ್ಲಿ ರಾಗಿಗಂಜಿ ತುಂಬಿಕೊಂಡು ಆ ಎತ್ತಿನ ಮುಂದೆ ಕುಕ್ಕುರುಗಾಲಲ್ಲಿ ಕೂತ. ಎತ್ತು ಅವನ ಕೈ ಮೂಸಿತು. ಆಮೇಲೆ ಕತ್ತೆತ್ತಿ ಬಾಗಿಲ ಕಡೆ ನೋಡುತ್ತ ನಿಂತಿತು. ಗಂಜಿ ಬೆರಳ ಸಂದಿಯಿಂದ ನೆಲಕ್ಕೆ ಸೋರುತ್ತಿತ್ತು.