ಅಕ್ಕನ ದನಿಯಲ್ಲಿ ಆಡಿದ ಮಾತು

ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಮಡಿಸಿಟ್ಟ ಪರದೆಗಳ ನಡುವೆ ಎಲ್ಲೋ, ನನ್ನ ಫೋನು ಒಮ್ಮೆ ಗುರ್ರೆಂದು ಸುಮ್ಮನಾಯಿತು. ರಾತ್ರಿ ಬಹಳವಾಗಿತ್ತು. ಜನರ ಕಿವಿ ಪರೀಕ್ಷಿಸುವುದೇ ನನ್ನ ಉದ್ಯೋಗವಾದ್ದರಿಂದ ಸಣ್ಣ ಸದ್ದುಗಳನ್ನು ಮನಸ್ಸಿನಲ್ಲೇ ಅಳೆಯುವ ಚಟ ನನಗಿದೆ. ಮಲಗಿದವರನ್ನು ಎಬ್ಬಿಸುವಂಥ ಸದ್ದಲ್ಲ ಅದು. ಆದರೂ ನಾನು ಎದ್ದು ನಡುಮನೆಗೆ ಬರುವಷ್ಟರಲ್ಲಿ ಅಕ್ಕನ ಕೋಣೆಯ ದೀಪ ಹತ್ತಿತ್ತು.

ಸಂದೇಶ ನನ್ನ ಗಂಡನದು. ಅವನ ದೇಶದಲ್ಲಿ ಆಗಿನ್ನೂ ಸಂಜೆ. ವೀಸಾ ಕೊಡಲಿಲ್ಲವಂತೆ, ನಿನ್ನ ನಿದ್ದೆ ಕೆಡಿಸಬಾರದೆಂದು ಕರೆ ಮಾಡಲಿಲ್ಲ ಎಂದು ಬರೆದಿದ್ದ.

"ಬೇಡ ಅಂದ್ರಾ?" ಅಕ್ಕ ಬಾಗಿಲಲ್ಲಿ ನಿಂತು ಕೇಳಿದಳು.

ನಾನಿನ್ನೂ ಬಾಯಿ ತೆರೆದಿರಲಿಲ್ಲ. ಮುಖ ನೋಡಿ ತಿಳಿದುಕೊಂಡಳು ಎಂದುಕೊಂಡೆ. ನನ್ನನ್ನು ಸಾಕಿದವಳು ಅವಳು. ಅಮ್ಮ ತೀರಿಕೊಂಡಾಗ ನನಗೆ ಜಡೆ ಹೆಣೆದುಕೊಳ್ಳಲೂ ಬರುತ್ತಿರಲಿಲ್ಲ. ನನ್ನ ಮುಖ ಓದುವುದು ಅವಳಿಗೆ ಯಾವ ಮಹಾ ವಿದ್ಯೆ?

ಅಕ್ಕ ಬಂದು ಪಕ್ಕದಲ್ಲಿ ಕುಳಿತು ನನ್ನ ತಲೆಯನ್ನು ತನ್ನ ಭುಜಕ್ಕೆ ಒತ್ತಿಕೊಂಡಳು. "ಹಾಳಾಗಿ ಹೋಗ್ಲಿ ಅವರ ಆಫೀಸು. ಬಸುರಿ ಹೆಂಗಸಿನ ಗಂಡನ್ನ ಬರಬೇಡ ಅಂತಾರಲ್ಲ, ಅವರ ಮನೇಲಿ ಯಾರೂ ಹೆರೋದಿಲ್ವಾ?"

ಭಾವ ಕಣ್ಣುಜ್ಜಿಕೊಳ್ಳುತ್ತ ಎದ್ದು ಬಂದರು. "ಏನಂತೆ ನನ್ನ ಷಡ್ಡಕಂದು?" ವಿಷಯ ತಿಳಿದ ಮೇಲೆ ನನ್ನನ್ನು ನಗಿಸಲೆಂದೇ ಹೇಳಿದರು: "ನಾನು ಈ ಮನೆಗೆ ಬರುವಾಗ ಯಾರೂ ವೀಸಾ ಕೇಳ್ಲಿಲ್ಲ ನೋಡು. ಕೇಳಿದ್ದಿದ್ರೆ ಎಷ್ಟೋ ಚೆನ್ನಾಗಿತ್ತು, ಬಚಾವಾಗಿರ್ತಿದ್ದೆ."

"ಈಗ್ಲೂ ಕಾಲ ಮಿಂಚಿಲ್ಲ, ಬಾಗಿಲು ತೆಗೆದೇ ಇದೆ," ಎಂದಳು ಅಕ್ಕ.

ನಾನು ನಕ್ಕೆ. ನಗುತ್ತಲೇ ಅತ್ತೆ.

ನನ್ನ ಗಂಡ ಅವನ ಊರಿನ ಸಾರ್ವಜನಿಕ ಈಜುಕೊಳದಲ್ಲಿ ಜೀವರಕ್ಷಕ. ನಾನು ಅಲ್ಲಿನ ಆಸ್ಪತ್ರೆಯೊಂದರಲ್ಲಿ ಒಪ್ಪಂದದ ಮೇಲೆ ಕೆಲಸ ಮಾಡುತ್ತಿದ್ದಾಗ, ಕಿವಿಗೆ ನೀರು ಹೋಗಿ ಕೇಳಿಸುತ್ತಿಲ್ಲ ಎಂದು ಬಂದವನು. ಒಪ್ಪಂದ ಮುಗಿದು ಇಲ್ಲಿನ ಕ್ಲಿನಿಕ್ಕಿಗೆ ಮರಳುವ ಹೊತ್ತಿಗೆ ನಮ್ಮ ಮದುವೆ ರಿಜಿಸ್ಟರ್ ಆಗಿತ್ತು. ಬಸುರಿನಲ್ಲಿ ರಕ್ತಸ್ರಾವವಾಗಿ, ಹೆರಿಗೆಯವರೆಗೆ ವಿಮಾನ ಹತ್ತಲೇಬೇಡ ಎಂದು ವೈದ್ಯೆ ಕಟ್ಟಪ್ಪಣೆ ಮಾಡಿದ್ದರು. ಹಾಗಾಗಿ ಅವನೇ ಬರಬೇಕು. ಬಂದು ಹೆರಿಗೆಯಲ್ಲಿ ಜೊತೆಗಿದ್ದು, ಕೂಸನ್ನು ಎತ್ತಿಕೊಂಡು, ರಜೆ ಮುಗಿದಾಗ ಹೋಗಬೇಕು. ನಾವು ಕೇಳಿದ್ದು ಇಷ್ಟೇ. ಅವನಿಲ್ಲದೆ ಹೆರುವುದು ನನಗೆ ಸಾಧ್ಯವೇ ಇಲ್ಲವೆಂದಲ್ಲ. ಆದರೆ ಆ ಭಯ ರಾತ್ರಿ ನನ್ನ ಹಾಸಿಗೆಯ ಅರ್ಧ ಜಾಗ ಹಿಡಿಯುತ್ತಿತ್ತು.

ನಾನಿರುವುದು ಅಕ್ಕನ ಮನೆಯಲ್ಲಿ. ಆದ್ದರಿಂದ ಅವನನ್ನು ಆಹ್ವಾನಿಸಿದವಳೂ ಅಕ್ಕನೇ. ಅರ್ಜಿಯಲ್ಲಿ ಅವಳ ಸಹಿ, ಅವಳ ಫೋನ್ ನಂಬರು.

ಎರಡನೆಯ ಸಲ ಅರ್ಜಿ ಹಾಕುವ ಮೊದಲು ಅಕ್ಕನೂ ನಾನೂ ಚಪ್ಪಲಿ ಅಂಗಡಿಯ ಮಹಡಿಯಲ್ಲಿ ಕಚೇರಿ ಇಟ್ಟುಕೊಂಡಿದ್ದ ಒಬ್ಬ ಹೆಂಗಸಿನ ಹತ್ತಿರ ಹೋದೆವು. ವೀಸಾ ಕಾಗದಗಳನ್ನು ಜೋಡಿಸಿಕೊಡುವುದೇ ಆಕೆಯ ಕಸುಬು. ಎಲ್ಲರೂ ಸ್ಟಾಂಪ್ ಮೇಡಂ ಎನ್ನುತ್ತಿದ್ದರು. ಆಕೆ ಪೆನ್ನಿನ ಮುಚ್ಚಳ ಕಚ್ಚುತ್ತ ನಮ್ಮ ಹಳೆಯ ಅರ್ಜಿಯನ್ನೆಲ್ಲ ಓದಿದರು.

"ಒಂದ್ಸಲ ಬೇಡ ಅಂದ್ಮೇಲೆ ಮತ್ತೆ ಅದೇ ಕಾಗದ ತಗೊಂಡು ಹೋಗ್ಬಾರ್ದು ಕಣಮ್ಮ. ಸೋಸಿದ ಟೀಪುಡೀನೇ ಮತ್ತೆ ಕುದಿಸಿದ ಹಾಗೆ. ಆದ್ರೆ ಇದ್ರಲ್ಲಿ ತಪ್ಪೇನು ಅಂತಾನೇ ಗೊತ್ತಾಗ್ತಿಲ್ಲ. 'ಭೇಟಿಯ ಉದ್ದೇಶ ನಂಬುವಂತಿಲ್ಲ' ಅಂತ ಬರ್ದಿದ್ದಾರೆ. ಕಾಗದ ಎಲ್ಲಾ ಸರಿಯಾಗಿದೆ. ಎಲ್ಲೋ ಮಾತು ಕೆಟ್ಟಿದೆ." ಮುಚ್ಚಳ ಬಾಯಿಂದ ತೆಗೆದು ಅಕ್ಕನ ಕಡೆ ನೋಡಿದರು. "ಕರೆಸ್ಕೊಳ್ಳೋರನ್ನ ಕೆಲವು ಸಲ ಫೋನ್ ಮಾಡಿ ವಿಚಾರಿಸ್ತಾರೆ. ನಿಮಗೇನಾದ್ರೂ ಬಂದಿತ್ತಾ?"

"ಇಲ್ಲಪ್ಪ," ಎಂದಳು ಅಕ್ಕ. ಅವಸರದಲ್ಲಿ ಹೊರಟಿದ್ದರಿಂದ ಅಳತೆ ಟೇಪು ಇನ್ನೂ ಕೊರಳಲ್ಲೇ ಇತ್ತು. ಅದರ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ನಂಗೆ ಬರೋದೆಲ್ಲಾ ಪರದೆ ಹೊಲಿಸೋರ ಫೋನೇ. 'ಆಯ್ತಾ, ಆಯ್ತಾ' ಅಂತ ಜೀವ ತಿಂತಾರೆ."

ನನ್ನ ಕ್ಲಿನಿಕ್ಕಿನಲ್ಲಿ ಒಂದು ಗಾಜಿನ ಕಿಟಕಿಯ ಕೋಣೆಯಿದೆ. ಒಳಗೆ ಕೂತವರು ಸದ್ದು ಕೇಳಿಸಿದಾಗ ಕೈ ಎತ್ತಬೇಕು. ಕೆಲವರು ಕೇಳಿಸದಿದ್ದರೂ ನನ್ನ ಮುಖವನ್ನೇ ನೋಡುತ್ತ ಅಂದಾಜಿಗೆ ಕೈ ಎತ್ತುತ್ತಾರೆ. ಅಂಥವರನ್ನು ಗುರುತಿಸಲು ನನಗೆ ಹೆಚ್ಚು ಹೊತ್ತು ಬೇಕಿಲ್ಲ. ಹಾಗೆಂದು ಮನೆಯವರನ್ನು ಯಾರಾದರೂ ಆ ಕೋಣೆಯಲ್ಲಿ ಕೂರಿಸುತ್ತಾರೆಯೇ? ನಾನು ಆ ದಿನ ಅಕ್ಕನ ಬೆರಳನ್ನು ನೋಡಿದೆ, ಅಷ್ಟೇ. ಹೊಲಿಗೆಯವರ ಕೈ ಸುಮ್ಮನಿರುವುದಿಲ್ಲ ಎಂದುಕೊಂಡೆ.

ಆಮೇಲಿನ ವಾರಗಳಲ್ಲಿ ಅಕ್ಕ ನನಗಿಂತ ಹೆಚ್ಚು ದುಡಿದಳು. ಸ್ಟಾಂಪ್ ಮೇಡಂ ಹೆಚ್ಚು ಫೋಟೋ ಬೇಕೆಂದಿದ್ದರು. ಕತ್ತರಿಸುವ ಮೇಜಿನ ಮೇಲೆ ನಮ್ಮ ಫೋಟೋಗಳನ್ನೆಲ್ಲ ಹರಡಿಕೊಂಡು ಅಕ್ಕ ಒಂದೊಂದನ್ನೇ ಆರಿಸಿದಳು. "ಇದು ಬೇಡ, ಇದ್ರಲ್ಲಿ ಅವನು ಪಾಸ್‌ಪೋರ್ಟ್ ಕಳ್ಳನ ಹಾಗೆ ಕಾಣ್ತಾನೆ. ಇದು ಇರ್ಲಿ. ಇದ್ರಲ್ಲಿ ನಿನ್ನ ಕೈ ಹಿಡ್ಕೊಂಡಿದ್ದಾನೆ." ಆ ಫೋಟೋವನ್ನು ಸೆರಗಿನಿಂದ ಒರೆಸಿದಳು. ಗಂಡನ ಈಜುಕೊಳದಿಂದ ರಜೆಯ ಪತ್ರ ಬಂದಾಗ, "ನೋಡು, ಇದಿದ್ರೆ ಸಾಕು, ಇನ್ನು ಯಾರೂ ತಡೆಯೋಕಾಗಲ್ಲ," ಎಂದಳು. ಅದೇ ಉಸಿರಿನಲ್ಲಿ, "ಆಗದಿದ್ರೂ ಚಿಂತೆ ಬೇಡ ಕಣೇ. ನಾನಿಲ್ವಾ? ನಿನ್ನನ್ನೇ ಸಾಕಿದೋಳಿಗೆ ನಿನ್ನ ಮಗು ಯಾವ ಲೆಕ್ಕ?" ಎಂದಳು.

ನನಗೆ ಆ ಮಾತಿನಿಂದ ಎಷ್ಟು ಸಮಾಧಾನವಾಯಿತೆಂದರೆ, ಗಂಡನಿಗೂ ಅದನ್ನು ತರ್ಜುಮೆ ಮಾಡಿ ಹೇಳಿದೆ. ಅವನು, "ನಿನ್ನ ಅಕ್ಕ ನಮ್ಮಿಬ್ಬರಿಗೂ ತಾಯಿ," ಎಂದ.

ಈ ಮನೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಅಕ್ಕನ ಫೋನು ಯಾವಾಗಲೂ ಮೇಜಿನ ಮೇಲಿರುತ್ತದೆ, ಯಾರ ಕೈ ಬಿಡುವಾಗಿದೆಯೋ ಅವರು ತೆಗೆದುಕೊಳ್ಳುತ್ತಾರೆ. ಹೊಲಿಗೆ ಯಂತ್ರದ ಮೇಲೆ ಎರಡು ಕೈಯೂ ಇದ್ದಾಗ ಅವಳು ಕೂಗುತ್ತಾಳೆ: "ತಗೊಳ್ಳೇ, ಕಿಟಕಿ ಅಳತೆ ಬರ್ಕೋ." ಫೋನಿನಲ್ಲಿ ನಮ್ಮಿಬ್ಬರ ದನಿ ಒಂದೇ. ಭಾವನೇ ಎಷ್ಟೋ ಸಲ ನಾನೆಂದು ತಿಳಿಯದೆ ನನ್ನ ಹತ್ತಿರ ಹೆಂಡತಿಗೆ ಹೇಳಬೇಕಾದ ಸುಳ್ಳುಗಳನ್ನೆಲ್ಲ ಹೇಳಿ ಸಿಕ್ಕಿಬಿದ್ದಿದ್ದಾರೆ. ಗಿರಾಕಿಗಳಿಗೆ ನಾನು ತಂಗಿ ಎಂದು ವಿವರಿಸುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. "ನೋಡಿ ಸ್ವಾಮಿ" ಎಂದು ಅಕ್ಕನ ಹಾಗೆಯೇ ಶುರು ಮಾಡಿ ಅವಳ ಹಾಗೆಯೇ ಮುಗಿಸುತ್ತಿದ್ದೆ.

ಎರಡನೆಯ ಅರ್ಜಿ ಹಾಕಿದ ಮೇಲೆ ಒಂದು ದಿನ ನನಗೆ ರಜೆಯಿತ್ತು. ಭಾವ ಪರದೆಯ ಸರಳುಗಳನ್ನು ಯಾರದೋ ಮನೆಗೆ ಕೂಡಿಸಲು ಹೋಗಿದ್ದರು. ಅಕ್ಕ ಸ್ನಾನಕ್ಕೆ ಹೋಗಿದ್ದಳು. ನಾನು ಹೊಟ್ಟೆಯ ಮೇಲೆ ಒಂದು ಪರದೆ ಹರಡಿಕೊಂಡು ದಾರದ ತುದಿಗಳನ್ನು ಕತ್ತರಿಸುತ್ತ ಕುಳಿತಿದ್ದೆ. ಫೋನು ಬಂತು. ಗೊತ್ತಿಲ್ಲದ ನಂಬರು, ಅಕ್ಕನಿಗೆ ಬರುವ ಕರೆಗಳು ಹೆಚ್ಚಾಗಿ ಗೊತ್ತಿಲ್ಲದವೇ.

"ವೀಸಾ ಕಚೇರಿಯಿಂದ ಮಾತಾಡ್ತಿದೀನಿ. ಮನೆ ಯಜಮಾನಿಯವರಾ?"

"ಹೌದು, ಹೇಳಿ," ಎಂದುಬಿಟ್ಟಿದ್ದೆ. ಅಭ್ಯಾಸಬಲ. ಅಕ್ಕನನ್ನು ಕರೆಯುತ್ತೇನೆ, ಒಂದು ನಿಮಿಷ ಎನ್ನಲು ಬಾಯಿ ತೆರೆದೆ. ಆತ ಬಿಡುವು ಕೊಡಲಿಲ್ಲ.

"ಕಳೆದ ಸಲಾನೂ ನಾನೇ ನಿಮ್ಮ ಹತ್ರ ಮಾತಾಡಿದ್ದು. ನೆನಪಿದೆ ಅನ್ಕೋತೀನಿ."

ಕತ್ತರಿ ಕೈಯಲ್ಲೇ ಇತ್ತು.

"ಅವತ್ತು ನೀವು, ಅವರಿಬ್ಬರ ಸಂಸಾರ ಹೆಚ್ಚು ಕಡಿಮೆ ಮುಗಿದ ಹಾಗೇನೇ ಅಂದ್ರಿ. ಆ ಮನುಷ್ಯ ಬಂದ್ರೆ ವಾಪಸ್ ಹೋಗೋ ಪೈಕಿ ಅಲ್ಲ, ತಂಗಿ ಕಾಟ ತಡೀಲಾರದೆ ಸಹಿ ಹಾಕಿದೆ ಅಂದ್ರಿ. ನೀವು ಹೇಳಿದ್ದು ತಂಗಿಗೆ ಗೊತ್ತಾಗ್ಬಾರ್ದು ಅಂತ ಕೇಳ್ಕೊಂಡ್ರಿ, ನಾವೂ ಎಲ್ಲೂ ಬರೀಲಿಲ್ಲ. ಈಗ ನೋಡಿದ್ರೆ ಮತ್ತೆ ನಿಮ್ಮದೇ ಆಹ್ವಾನ ಬಂದಿದೆ. ಏನಮ್ಮ ಇದು?"

ಬಚ್ಚಲಮನೆಯಲ್ಲಿ ಅಕ್ಕ ತಂಬಿಗೆಯಿಂದ ನೀರು ಹುಯ್ದುಕೊಳ್ಳುತ್ತಿದ್ದಳು. ಏನೋ ಗುನುಗುತ್ತಿದ್ದಳು ಕೂಡ. ಈ ಮನುಷ್ಯ ಬೇರೆ ಯಾರದೋ ಮನೆಯ ವಿಷಯವನ್ನು ತಪ್ಪಾಗಿ ನಮ್ಮ ನಂಬರಿಗೆ ಹೇಳುತ್ತಿರಬಹುದು ಎಂದು ಒಂದು ಕ್ಷಣ ಗಟ್ಟಿಯಾಗಿ ನಂಬಿದೆ. ಆತ ನನ್ನ ಗಂಡನ ಹೆಸರು ಹೇಳಿ, ಇವರೇ ತಾನೆ ಎಂದು ಕೇಳಿದ. ಆಮೇಲೆ ಒಂದೊಂದೇ ನೆನಪಾಯಿತು. ನಾನು ಹೇಳುವ ಮೊದಲೇ 'ಬೇಡ ಅಂದ್ರಾ' ಎಂದು ಕೇಳಿದ್ದು. ಆ ರಾತ್ರಿ ನನಗಿಂತ ಮೊದಲು ಅವಳಿಗೆ ಎಚ್ಚರವಿದ್ದದ್ದು. ಫೋಟೋ ಒರೆಸಿದ್ದು. ಅದನ್ನು ನೆನೆದಾಗಲೇ ನನಗೆ ಹೆಚ್ಚು ನೋವಾದದ್ದು.

"ಮಾತಾಡೋಕೆ ತೊಂದ್ರೆ ಇದ್ಯಾ? ತಂಗಿ ಪಕ್ಕದಲ್ಲಿದ್ದಾರಾ?" ಆತನ ದನಿ ಮೆತ್ತಗಾಯಿತು.

"ಇಲ್ಲ," ಎಂದೆ. "ಅವಳು ಸ್ನಾನಕ್ಕೆ ಹೋಗಿದ್ದಾಳೆ."

"ಹಾಗಿದ್ರೆ ಹೆದರ್ದೆ ಹೇಳಿ. ಈಗ್ಲೂ ನಿಮ್ಮ ಅಭಿಪ್ರಾಯ ಅದೇನಾ?"

ನಾನು ತಂಗಿ ಎಂದು ಹೇಳಬಹುದಿತ್ತು. ಹೇಳಿದ್ದರೆ ಆತ ಫೋನಿಟ್ಟು, ಇನ್ನೊಂದು ದಿನ, ಅಕ್ಕ ಒಬ್ಬಳೇ ಇದ್ದಾಗ ಮತ್ತೆ ಕರೆ ಮಾಡುತ್ತಿದ್ದ. ಅವಳು ಏನು ಹೇಳುತ್ತಾಳೆಂದು ಈಗ ನನಗೆ ಗೊತ್ತಿತ್ತು. ಪದಗಳನ್ನು ಅಳೆದು ತೂಗಿ ಆಡುವವಳು ನಾನು. ಕ್ಲಿನಿಕ್ಕಿನಲ್ಲಿ 'ಕಿವುಡು' ಎಂಬ ಮಾತನ್ನೂ ಬಳಸುವುದಿಲ್ಲ. ಆ ಹೊತ್ತು ನನ್ನ ಮಾತು ಒಂದೂ ಹತ್ತಿರ ಬರಲಿಲ್ಲ. ಬಂದದ್ದೆಲ್ಲ ಅಕ್ಕನ ಮಾತು.

"ನೋಡಿ ಸ್ವಾಮಿ, ಅದು ಹೊಟ್ಟೆಯುರಿಯಿಂದ ಆಡಿದ ಮಾತು. ಅವಳನ್ನ ಸಾಕಿದೋಳು ನಾನು. ಒಂದ್ಸಲ ಬಿಟ್ಟು ಹೋಗಿದ್ಲು, ವಾಪಸ್ ಬಂದ್ಲು. ಈಗ ಅವನು ಬಂದು ಅವಳನ್ನೂ ಮಗೂನೂ ಕರ್ಕೊಂಡು ಹೋದ್ರೆ ನಂಗ್ಯಾರು ಅನ್ನಿಸ್ತು. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ."

"ಅಂದ್ರೆ ಅವತ್ತು ಹೇಳಿದ್ದು ಸುಳ್ಳಾ?"

"ಸುಳ್ಳು. ಅವರಿಬ್ಬರೂ ಚೆನ್ನಾಗಿದ್ದಾರೆ. ಅವನು ರಜಾ ಮುಗಿದ ತಕ್ಷಣ ಹೋಗ್ತಾನೆ, ಅಲ್ಲಿ ಅವನಿಗೆ ಕೆಲಸ ಇದೆ. ಈ ಮನೇಲಿ ಅವನಿಗೆ ಜಾಗ ಇದೆ. ತಪ್ಪು ನಂದು."

ಆತ ಏನೋ ಟೈಪ್ ಮಾಡುವುದು ಕೇಳಿಸಿತು. "ಮನೆ ಜಗಳನ ನಮ್ಮವರೆಗೂ ತರಬಾರ್ದಮ್ಮ. ಒಂದು ಸಂಸಾರದ ಪ್ರಶ್ನೆ," ಎಂದು ಬೈದ. ಅಕ್ಕನಿಗೆ ಸಲ್ಲಬೇಕಾದ ಬೈಗುಳವನ್ನು ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಆಯ್ತು ಸ್ವಾಮಿ, ಇನ್ನು ಮೇಲೆ ಹಾಗಾಗಲ್ಲ ಎಂದೆ.

ಫೋನಿಟ್ಟ ಮೇಲೆ, ಬಂದ ಕರೆಗಳ ಸಾಲಿನಿಂದ ಆ ನಂಬರನ್ನು ಅಳಿಸಿದೆ. ಅಕ್ಕನ ಪರವಾಗಿ ಕಾರಣ ಕೊಟ್ಟವಳೂ ನಾನೇ. ಅದು ಅವಳ ನಿಜವಾದ ಕಾರಣವೇ ಎಂದು ನನಗೆ ತಿಳಿಯದು. ನನ್ನನ್ನು ಬಿಟ್ಟುಕೊಡಲಾರದ ಪ್ರೀತಿಯಿಂದ ಮಾಡಿದಳೆಂಬಂತೆ ಹೇಳಿದ್ದು ಆ ಅಧಿಕಾರಿಯನ್ನು ನಂಬಿಸಲು. ನನ್ನನ್ನು ನಂಬಿಸಲು ಅದು ಸಾಕಾಗಲಿಲ್ಲ. ಪ್ರೀತಿಯಿದ್ದವರು ಎದುರಿಗೇ 'ಹೋಗಬೇಡ' ಎನ್ನಬಹುದಲ್ಲ. ಒಮ್ಮೆಯೂ ಅನ್ನಲಿಲ್ಲ ಅವಳು.

ಅಕ್ಕ ತಲೆಗೆ ಟವೆಲು ಸುತ್ತಿಕೊಂಡು ಬಂದಳು. "ಯಾರದೇ ಫೋನು?"

"ಯಾರೋ. ಪರದೆ ಬೇಕು ಅಂದ್ರು, ಆಮೇಲೆ ಬೇಡ ಅಂದ್ರು."

"ಇಂಥೋರೇ ಜಾಸ್ತಿ ಆದ್ರು. ಬಾ, ಸ್ವಲ್ಪ ತಲೆ ಒರೆಸು, ಕೈ ಮೇಲೆತ್ತಕ್ಕಾಗ್ತಿಲ್ಲ." ನನ್ನ ಮುಂದೆ ನೆಲದ ಮೇಲೆ ಬೆನ್ನು ಹಾಕಿ ಕುಳಿತಳು.

ಒರೆಸಿದೆ. ನೆತ್ತಿಯಲ್ಲಿ ಬಿಳಿ ಕೂದಲು ಹೆಚ್ಚಾಗಿದ್ದವು. ಅವಳ ಮುಖ ನನಗೆ ಕಾಣುತ್ತಿರಲಿಲ್ಲ, ನನ್ನದು ಅವಳಿಗೆ ಕಾಣುತ್ತಿರಲಿಲ್ಲ. "ಮೆಲ್ಲಗೇ, ಕೂದಲು ಕಿತ್ತು ಬರುತ್ತೆ," ಎಂದಳು. ಕೈ ಸಡಿಲಿಸಿದೆ.

ವೀಸಾ ಬಂದದ್ದು ಹಾಡಹಗಲಿನಲ್ಲಿ, ಎಲ್ಲರೂ ಊಟಕ್ಕೆ ಕುಳಿತಿದ್ದಾಗ. ಗಂಡ ಕರೆ ಮಾಡಿ ಕೂಗಾಡಿದ. ಭಾವ ತಟ್ಟೆ ಬಿಟ್ಟೆದ್ದು, "ಬರ್ಲಿ, ಬರ್ಲಿ, ಈ ಹೆಂಗಸರ ರಾಜ್ಯದಲ್ಲಿ ನಂಗೂ ಒಂದು ಓಟು ಸಿಕ್ತು," ಎಂದರು. ಅಕ್ಕನ ಕೈ ಸಾರಿನ ಸೌಟಿನ ಮೇಲೆ ನಿಂತಿತು. ಅವಳು ನನ್ನನ್ನು ನೋಡಿದ ರೀತಿಯನ್ನು ನಾನು ಗಾಜಿನ ಕಿಟಕಿಯಾಚೆ ನೂರಾರು ಸಲ ನೋಡಿದ್ದೇನೆ: ಸದ್ದು ಬಂತೋ ಇಲ್ಲವೋ ತಿಳಿಯದೆ, ಕೈ ಎತ್ತಲೋ ಬೇಡವೋ ಎಂದು ಮುಖ ಹುಡುಕುವುದು. ನಾನು ನನ್ನ ಮುಖದಲ್ಲಿ ಏನನ್ನೂ ಇಡಲಿಲ್ಲ.

"ಹೇಗೆ ಕೊಟ್ರಂತೆ ಈ ಸಲ?" ಎಂದಳು.

"ಏನೋ. ಫೋಟೋ ಚೆನ್ನಾಗಿದ್ವೇನೋ."

ಅವಳು ಎದ್ದು ಬಂದು ಅಪ್ಪಿಕೊಂಡಳು. ಗಟ್ಟಿಯಾಗಿ, ತುಂಬ ಹೊತ್ತು. ಅವಳು ಅಳುತ್ತಿದ್ದಳು. ಸಂತೋಷಕ್ಕೋ ಬೇರೆಯದಕ್ಕೋ, ನಾನು ಕೇಳಲಿಲ್ಲ. ಫೋನಿನಲ್ಲಿ ಗಂಡ ಇನ್ನೂ ಇದ್ದ. ಅಕ್ಕನಿಗೆ ಕೊಡು ಎಂದ. ಕೊಟ್ಟೆ. ಅವನು ಕಲಿತಿದ್ದ ಎರಡು ಪದಗಳಲ್ಲಿ, "ಅಕ್ಕ, ಉಪಕಾರ," ಎಂದ. ಅವಳು ಮೂಗೊರೆಸಿಕೊಂಡು, "ಬಾರಪ್ಪ, ಬೇಗ ಬಾ," ಎಂದಳು. ಅದು ಅವನಿಗೆ ನಾನೇ ಹೇಳಿದಂತೆ ಕೇಳಿಸಿರಬೇಕು.

ಅಂದು ಸಂಜೆ ಅವನು ಮತ್ತೆ ಕೇಳಿದ: ಮೊದಲ ಸಲ ಯಾಕೆ ಆಗಲಿಲ್ಲ, ಏನಾದರೂ ತಿಳಿಯಿತೇ? ಹೇಳಿದರೆ ಅವನು ಈ ಮನೆಯಲ್ಲಿ ಒಂದು ತುತ್ತು ನುಂಗಲಾರ. ಭಾವನಿಗೆ ಹೇಳಿದರೆ ಅವರು ಮತ್ತೆ ತಮಾಷೆ ಮಾಡಲಾರರು. ಅಕ್ಕನಿಗೆ ಹೇಳಿದರೆ ಅವಳು ಅತ್ತು ಕ್ಷಮೆ ಕೇಳಿಯಾಳು, ನಾನು ಕ್ಷಮಿಸಬೇಕಾದೀತು. ಅಷ್ಟು ಸುಲಭವಾಗಿ ಅದನ್ನು ಮುಗಿಸಲು ನನಗೆ ಮನಸ್ಸಿರಲಿಲ್ಲ.

"ಏನೂ ತಿಳಿಯಲಿಲ್ಲ," ಎಂದೆ ಅವನಿಗೆ. ಒಳಗೆ ಅಕ್ಕ ಅವನಿಗೆಂದು ಹೊಸ ಪರದೆ ಹೊಲಿಯುತ್ತಿದ್ದಳು. ಯಾರಿಗೂ ಹೇಳುವುದಿಲ್ಲ ಎಂದು ನಿಶ್ಚಯಿಸಿದೆ. ಇವನಿಗೂ ಇಲ್ಲ, ಹುಟ್ಟುವ ಮಗುವಿಗೂ ಇಲ್ಲ.