ಸ್ವಿಚ್ಚಿಗೆ ಬೆನ್ನೊಡ್ಡಿದ ಭಾವ

ನಾನು ಮತ್ತು ಭಾವ, ಅಂದರೆ ನನ್ನ ಹೆಂಡತಿಯ ಅಣ್ಣ, ಹತ್ತು ವರ್ಷದಿಂದ ಜೊತೆಯಲ್ಲಿ ಲಿಫ್ಟ್ ರಿಪೇರಿ ಮಾಡುತ್ತಿದ್ದೇವೆ. ಅವರಿಗೆ ಮಾತೆತ್ತಿದರೆ ದೇವರು. ನಾನೋ ಅಪ್ಪಟ ನಾಸ್ತಿಕ.

"ನಿನ್ನಂಥವರನ್ನೂ ಅವನು ಸಾಕ್ತಾನಲ್ಲಪ್ಪಾ, ದೊಡ್ಡ ಮನಸ್ಸು," ಎನ್ನುತ್ತಿದ್ದರು, ನಗುನಗುತ್ತಲೇ.

"ಹೌದು ಭಾವ, ಧೈರ್ಯಕ್ಕೆ ನಿಮಗೂ ಒಬ್ರು ಬೇಕಲ್ಲ," ಎನ್ನುತ್ತಿದ್ದೆ ನಾನು, ಅಷ್ಟೇ ನಯವಾಗಿ. ಹೆಂಡತಿ ಇಬ್ಬರಿಗೂ ದೊಡ್ಡ ನಮಸ್ಕಾರ ಹಾಕಿ ಅಡುಗೆಮನೆ ಸೇರುತ್ತಿದ್ದಳು.

ನಮ್ಮ ಕೆಲಸಕ್ಕೊಂದು ಕಟ್ಟಳೆ ಇದೆ. ಮೇನ್ ಸ್ವಿಚ್ ಆರಿಸಿದ ಮೇಲೆ ಇಬ್ಬರೂ ತಮ್ಮ ತಮ್ಮ ಬೀಗ ಅದಕ್ಕೆ ಹಾಕಬೇಕು. ಎರಡೂ ಬೀಗ ತೆಗೆಯುವ ತನಕ ಯಾರೂ ಲಿಫ್ಟ್ ಓಡಿಸುವಂತಿಲ್ಲ.

ಅವತ್ತು ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ಕೆಲಸ ಮುಗಿಸಿ ಮೇಲೆ ಬಂದು ನನ್ನ ಬೀಗ ತೆಗೆದೆ. ಭಾವ ಆಗಲೇ ತಮ್ಮದು ತೆಗೆದಿದ್ದರು. ಅಷ್ಟರಲ್ಲಿ ಸ್ಪ್ಯಾನರ್ ಗುಂಡಿಯಲ್ಲೇ ಉಳಿದದ್ದು ನೆನಪಾಯಿತು. ಒಂದು ನಿಮಿಷದ ಕೆಲಸ ತಾನೇ ಎಂದು, ಆಚೆ ಸಾಮಾನು ಕಟ್ಟುತ್ತಿದ್ದ ಭಾವ ನೋಡುತ್ತಿದ್ದಂತೆಯೇ, ಬೀಗ ಹಾಕದೆ ಮತ್ತೆ ಇಳಿದೆ. ಬುದ್ಧಿಗೆ ಮಂಕು ಕವಿದಿತ್ತು.

"ಆಯ್ತಾ ಸಾರ್? ಸ್ವಿಚ್ ಹಾಕ್ಬಿಡ್ಲಾ?" ಎಂದಿತು ಮೇಲಿನಿಂದ ಆ ಕಟ್ಟಡದ ವಾಚ್‌ಮನ್ನಿನ ದನಿ. ಹಿಂದೆಯೇ ಯಾರೋ ಓಡುವ ಸದ್ದು.

"ಮುಟ್ಬೇಡ! ನಮ್ಮ ಹುಡುಗ ಒಳಗಿದ್ದಾನೆ!" ಭಾವ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಹತ್ತಿ ಬಂದು ನೋಡಿದರೆ ಅವರು ಸ್ವಿಚ್ಚಿಗೆ ಬೆನ್ನು ಒತ್ತಿ, ಎರಡೂ ಕೈ ಚಾಚಿ ನಿಂತಿದ್ದರು. ವಾಚ್‌ಮನ್ನಿನ ಮುಖ ಬಿಳಿಚಿತ್ತು. ನನ್ನ ಬೀಗ ನನ್ನ ಜೇಬಿನಲ್ಲೇ ಇತ್ತು.

ಮೆಟ್ಟಿಲ ಮೇಲೆ ಕೂತೆ. "ನಿಮ್ಮಿಂದ ಬದುಕ್ದೆ ಭಾವ," ಎಂದೆ. ಇಷ್ಟು ವರ್ಷದಲ್ಲಿ ಕೊಂಕಿಲ್ಲದೆ ಅವರಿಗೆ ಆಡಿದ ಮೊದಲ ಮಾತು ಅದೇ ಇರಬೇಕು. ಆಮೇಲೆ ನಾನೇ, "ನಿಮ್ಮ ದೇವ್ರೇ ಕಾಪಾಡ್ದ ಅಂತ ಹೇಳ್ಬಿಡಿ. ಇವತ್ತು ನಾನು ತುಟಿ ಬಿಚ್ಚಲ್ಲ," ಎಂದೆ.

ಭಾವ ನನ್ನ ಪಕ್ಕ ಕೂತರು. "ಅವನ ಹೆಸರು ಬಾಯಿಗೇ ಬರ್ಲಿಲ್ಲ ಕಣೋ," ಎಂದರು ಮೆಲ್ಲಗೆ, ತಪ್ಪು ಒಪ್ಪಿಕೊಳ್ಳುವವರ ಹಾಗೆ. "ಕಣ್ಮುಂದೆ ನೀನೊಬ್ನೇ ಇದ್ದೆ."

ಇಂಥದೊಂದು ಮಾತು ಅವರ ಬಾಯಿಂದ ಜಾರಲೆಂದು ಹತ್ತು ವರ್ಷ ಹೊಂಚು ಹಾಕಿದ್ದವನು ನಾನು. ಕೊಂಕು ಬಿಟ್ಟು ಅವರ ಹತ್ತಿರ ಸರಿದೆ.

"ಪರವಾಗಿಲ್ಲ ಭಾವ, ಈಗ ಹೇಳ್ಕೊಳ್ಳಿ. ನಾನು ಕಾಯ್ತೀನಿ."

ಅವರು ತಲೆ ತಗ್ಗಿಸಿ ತುಟಿಯಲ್ಲೇ ಪ್ರಾರ್ಥನೆಗೆ ತೊಡಗಿದರು. ಮುಗಿಯುವ ತನಕ ನಾನು ಅವರ ಕೈ ಹಿಡಿದುಕೊಂಡು ಕೂತಿದ್ದೆ.